ಮೂರನೇ ನಂಬರಿನ ಇಟಲಿ ವೈನು

ಫೌಸ್ಟಿನ್ ಬರ್ಬೋಜಾನ ಮೂಗು ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ಮುಖದಲ್ಲಿ ಅದು ಇದ್ದಲ್ಲೇ ಇತ್ತು, ನೋಡುವವರಿಗೆ ಕೊರತೆಯೇನೂ ಕಾಣದು. ಆದರೆ ಕೋವಿಡ್ ಜ್ವರ ಬಿಟ್ಟ ದಿನದಿಂದ ಅವನಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಮಣಿಪಾಲದ ವೈದ್ಯರು ಲವಂಗ, ನಿಂಬೆ, ನೀಲಗಿರಿ ಎಣ್ಣೆಗಳನ್ನು ಆರು ತಿಂಗಳು ದಿನಕ್ಕೆರಡು ಸಲ ಮೂಸಲು ಹೇಳಿ, ಕೊನೆಗೆ "ಕಾದು ನೋಡುವ" ಎಂದು ಕೈಚೆಲ್ಲಿದರು.

ಬೇರೆಯವರಿಗಾದರೆ ಇದು ಊಟ ಸಪ್ಪೆಯಾಗುವ ತೊಂದರೆ, ಅಷ್ಟೇ. ಫೌಸ್ಟಿನ್‌ಗೆ ಅನ್ನವೇ ಹೋಗುವ ತೊಂದರೆ. ಇಟಲಿಯ ಪ್ರವಾಸಿ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ವೈನ್ ಆರಿಸಿ, ಬಡಿಸಿ, ಹೆಸರು ಮಾಡಿ ಕಾರ್ಕಳಕ್ಕೆ ಮರಳಿದವನನ್ನು ಕಾಪುವಿನ ಕಡಲ ಬದಿಯ ಹೋಟೆಲಿನ ಯಜಮಾನ ಧರ್ಮಪಾಲರು ಕರೆದು ಕೆಲಸ ಕೊಟ್ಟಿದ್ದರು. ಅಡುಗೆಮನೆಗೆ ಬರುವ ಮೀನು, ಮೇಜಿಗೆ ಬರುವ ವೈನು ಎರಡನ್ನೂ ಆರಿಸುವವನು ಅವನೇ. ಅತಿಥಿಗಳ ಮುಂದೆ ಧರ್ಮಪಾಲರು "ನಮ್ಮ ಫೌಸ್ಟಿನ್ ಮೂಗು ಅಂದ್ರೆ ಮೂಗು" ಎಂದು ಬೆನ್ನು ತಟ್ಟುವಾಗೆಲ್ಲ ಅವನು ಬೇಗನೆ ಮಾತು ಬದಲಿಸುತ್ತಿದ್ದ. ವಿಷಯ ಗೊತ್ತಿದ್ದದ್ದು ಹೆಂಡತಿ ಒಲಿಂಡಾಗೆ ಮಾತ್ರ. ಹಾಗೆಂದೇ ಅವನು ತಿಳಿದಿದ್ದ.

ಇಷ್ಟು ದಿನ ಅವನನ್ನು ಕಾಪಾಡಿದ್ದು ಬಾಟಲಿಯ ಚೀಟಿ. ಚೀಟಿ ಓದಿದರೆ ಸಾಕು, ಯಾವ ಊರಿನ ದ್ರಾಕ್ಷಿ, ಯಾವ ಮಣ್ಣು, ಎಂಥ ಪರಿಮಳ ಎಂದು ಹಡಗಿನ ದಿನಗಳ ನೆನಪಿನಿಂದಲೇ ಪಾಠ ಒಪ್ಪಿಸಿಬಿಡುತ್ತಿದ್ದ. ಮೂಗು ಹೋದರೂ ತಲೆ ಹೋಗಿರಲಿಲ್ಲವಲ್ಲ! ಆದರೆ ಈ ಸಲ ಧರ್ಮಪಾಲರು ಎಲ್ಲಿಯೋ ಓದಿಕೊಂಡು ಬಂದಿದ್ದರು. ನಿಜವಾದ ಪರೀಕ್ಷೆಯಲ್ಲಿ ಚೀಟಿ ಕಾಣಬಾರದಂತೆ. ಮೀನಿನ ಊಟದ ಜೊತೆ ವರ್ಷವಿಡೀ ಕೊಡಲು ಒಂದೇ ಒಂದು ಇಟಲಿಯ ಬಿಳಿ ವೈನ್ ಆರಿಸಬೇಕು. ಆರು ಬಾಟಲಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ನಂಬರು ಹಾಕಿಡಬೇಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಫೌಸ್ಟಿನ್ ತನ್ನ ಕೈಚಳಕ ತೋರಿಸಬೇಕು.

ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. "ಸರ್, ವೈನ್ ಮೀನಿಗೆ ತಾನೇ? ಮೀನು ಗೊತ್ತಿದ್ದವರೊಬ್ಬರು ಪಕ್ಕದಲ್ಲಿರಲಿ. ನಮಗೆ ಮೀನು ತರುವ ನಳಿನಾಕ್ಷಿಯಕ್ಕನನ್ನು ಕರೆಯುವ" ಎಂದ. ಧರ್ಮಪಾಲರು ಹುಟ್ಟಿದ್ದು ಕಾಪುವಿನಲ್ಲಾದರೂ ಬೆಳೆದದ್ದೆಲ್ಲ ಮುಂಬಯಿಯ ಕ್ಯಾಂಟೀನುಗಳಲ್ಲಿ. ಇಂಥ ಹೊಸ ಮಾತೆಂದರೆ ಅವರಿಗೆ ಪ್ರೀತಿ. ತಕ್ಷಣ ಒಪ್ಪಿದರು.

ನಳಿನಾಕ್ಷಿ ಅರುವತ್ತರ ಹೆಂಗಸು. ದೋಣಿಗಳು ಮೀನು ಇಳಿಸುವ ಮಲ್ಪೆಯ ದಕ್ಕೆಯಲ್ಲಿ ಏಲಂ ಕೂಗಿ ಮೀನು ಕೊಂಡು ಮಾರುವ ನಲವತ್ತು ವರ್ಷದ ಕಸುಬು. ಬಂಗುಡೆ ರಾತ್ರಿ ಬಲೆಗೆ ಬಿದ್ದದ್ದೋ, ಬೆಳಗಿನ ಜಾವವೋ ಎಂದು ಹೇಳಬಲ್ಲಳು. ಶನಿವಾರ ಹತ್ತಕ್ಕೆ ಸರಿಯಾಗಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಧರ್ಮಪಾಲರೂ ಫೌಸ್ಟಿನ್ನನೂ ಕಾಯುತ್ತಿದ್ದ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕುಳಿತಳು.

"ನಾನು ಕುಡಿಯುವುದಿಲ್ಲ ಪೊರ್ಬುಗಳೇ, ಮೊದಲೇ ಹೇಳ್ತೇನೆ" ಎಂದಳು. ತುಳುವರು ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ.

"ಕುಡಿಯುವುದು ಬೇಡ ಅಕ್ಕ. ಮೂಸಿ, ನಾಲಗೆಗೆ ಮುಟ್ಟಿಸಿ, ಈ ಪಾತ್ರೆಗೆ ಉಗಿಯುವುದು."

"ಇಷ್ಟು ದುಬಾರಿಯದ್ದನ್ನು ಉಗಿಯುವುದಾ? ದೊಡ್ಡವರ ಕೆಲಸವೇ ಹೀಗೆ ಮಾರಾಯ್ರೆ."

ಬಾಟಲಿಗಳನ್ನು ಮಾರಲು ತಂದಿದ್ದ ವೈನ್ ಕಂಪನಿಯ ಹರ್ಷಿತ್ ನಕ್ಕ. ಕಡಿಯಾಳಿಯವನು, ಮೂವತ್ತೆರಡರ ಚುರುಕು ಮನುಷ್ಯ, ಮಾರಾಟದಲ್ಲಿ ಪಳಗಿದವನು. ಒಂದೊಂದೇ ಬಾಟಲಿಯಿಂದ ಬಗ್ಗಿಸಿ ಕೊಡತೊಡಗಿದ.

ಫೌಸ್ಟಿನ್ ಲೋಟ ತಿರುಗಿಸಿದ, ಬೆಳಕಿಗೆ ಹಿಡಿದ, ಮೂಗು ಇಳಿಬಿಟ್ಟ. ಏನೂ ಇಲ್ಲ. ನಾಲಗೆಗೆ ಹುಳಿ, ಕಹಿ, ಉಪ್ಪು ತಿಳಿಯುತ್ತಿತ್ತು. ಅದರಾಚೆ ಬರೀ ತಣ್ಣನೆಯ ನೀರು. ಅವನು ಕಣ್ಣಂಚಿನಿಂದ ನಳಿನಾಕ್ಷಿಯನ್ನೇ ನೋಡುತ್ತಿದ್ದ.

ಅವಳ ರೀತಿಯೇ ಬೇರೆ. ಲೋಟಕ್ಕೆ ಮೂಗು ಒಯ್ಯಲೇ ಇಲ್ಲ. ತೋರುಬೆರಳು ಅದ್ದಿ, ಹೆಬ್ಬೆರಳಿನಿಂದ ಉಜ್ಜಿ, ಒಣಗುವ ತನಕ ಸುಮ್ಮನೆ ಕಾದು, ಆಮೇಲೆ ಬೆರಳನ್ನು ಮೂಸಿದಳು; ಕೊನೆಗೆ ಒಂದು ಹನಿ ನಾಲಗೆಗೆ ಮುಟ್ಟಿಸಿ ಉಗಿದಳು. ಮೀನಿನ ಕಿವಿರನ್ನು ಎತ್ತಿ ನೋಡುವಾಗಲೂ ಅವಳು ಮೂಸುವುದು ಮೀನನ್ನಲ್ಲ, ತನ್ನ ಬೆರಳನ್ನು. ಫೌಸ್ಟಿನ್‌ಗೆ ಹಡಗಿನ ದಿನಗಳ ನೆನಪೊಂದು ಬಂತು. ಇಟಲಿಯ ಸಿಸಿಲಿ ದ್ವೀಪದ ಬಂದರಿನಲ್ಲಿ ಒಬ್ಬ ಮುದುಕ, ಎಪ್ಪತ್ತು ವರ್ಷ ವೈನ್ ಮಾಡಿದವನು, ಅಂಗೈಗೆ ಸುರಿದು ಉಜ್ಜಿ ಮೂಸುವುದನ್ನು ಅವನು ಕಂಡಿದ್ದ. ಆ ವಿದ್ಯೆ ಇವಳಿಗೆ ಯಾರು ಕಲಿಸಿದರು? ಯಾರೂ ಇಲ್ಲ, ಬಂಗುಡೆ ಕಲಿಸಿತ್ತು.

"ಒಂದನೆಯದು ಒಳ್ಳೆದುಂಟು. ಎಳೆ ಸೌತೆಕಾಯಿ" ಎಂದಳು. "ಎರಡನೆಯದು ಭಾರೀ ಒಳ್ಳೆದು. ಬಾಳೆಹಣ್ಣು, ಸಕ್ಕರೆ. ಎಲ್ಲರಿಗೂ ಇಷ್ಟ ಆಗ್ತದೆ."

ಮೂರನೆಯದಕ್ಕೆ ಬೆರಳು ಅದ್ದಿ ಮೂಸಿದಳು. ಇನ್ನೊಮ್ಮೆ ಅದ್ದಿದಳು. ನಂತರ ಸಿಡುಕಿದಳು.

"ಇದೆಂತ ಇದು? ಕಲ್ಲು ತೊಳೆದ ನೀರು! ಹುಳಿ ಬೇರೆ. ಇದನ್ನು ದುಡ್ಡು ಕೊಟ್ಟು ಯಾರು ಕುಡಿತಾರೆ? ಬದಿಗಿಡಿ."

ಫೌಸ್ಟಿನ್ ಮೂರಕ್ಕೆ ಗೀಟು ಹಾಕಿದ. ನಾಲ್ಕು, ಐದು, ಆರು ಒಂದೆರಡು ಮಾತಿನಲ್ಲಿ ಮುಗಿದವು. ಆದರೆ ಬದಿಗಿಟ್ಟ ಮೂರನ್ನು ಮಾತ್ರ ಅವಳು ಮತ್ತೆ ಎಳೆದುಕೊಂಡು, ಬಣ್ಣ ಸಪ್ಪೆ, ವಾಸನೆ ಬಡಕಲು ಎಂದು ಇನ್ನೊಂದು ಸುತ್ತು ಬೈದಳು.

ಫೌಸ್ಟಿನ್ ಎರಡನೇ ನಂಬರು ಎಂದು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹರ್ಷಿತ್, "ಅಕ್ಕ, ಅಷ್ಟೆಲ್ಲ ಹೇಳಬೇಡಿ. ಮೂರು ತೆಗೆದುಕೊಂಡರೆ ದರದಲ್ಲಿ ಸ್ವಲ್ಪ ಕಡಿಮೆ ಮಾಡಿಸುವ" ಎಂದ.

"ಸ್ವಲ್ಪ ಕಡಿಮೆ ಮಾಡಿದರೆ ಕಲ್ಲು ಹಣ್ಣಾಗ್ತದಾ?" ಎಂದಳು ನಳಿನಾಕ್ಷಿ. ಅವಳ ಕೈ ಮಾತ್ರ ಲೋಟವನ್ನು ಬಿಟ್ಟಿರಲಿಲ್ಲ.

ಆ ಕೈ ಕಂಡಾಗ ಫೌಸ್ಟಿನ್‌ಗೆ ಫಕ್ಕನೆ ಬುದ್ಧಿ ಬಂತು. ಇದು ದಕ್ಕೆ! ಇಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದೆಯೆಂದು ಅವಳ ಕಸುಬು ಬದಲಾಗುತ್ತದೆಯೇ? ಮಾರುವವನು ಎದುರಿಗಿರುವಾಗ ಮಾಲು ಹೊಗಳುವ ಮೂರ್ಖರು ಮಲ್ಪೆಯಲ್ಲಿ ಯಾರಿದ್ದಾರೆ? ಬೇಡದ ಬುಟ್ಟಿಗೆ ಒಳ್ಳೆಯ ಮಾತು ಹೇಳಿ ಮುಂದೆ ಹೋಗುತ್ತಾರೆ; ಬೇಕಾದ ಬುಟ್ಟಿಯ ಮುಂದೆ ನಿಂತು, ಕಣ್ಣು ಕೆಂಪಾಗಿದೆ, ಹೊಟ್ಟೆ ಒಡೆದಿದೆ ಎಂದು ಅದರ ಏಳು ತಲೆಮಾರನ್ನು ಬೈಯುತ್ತಾರೆ. ಕರಾವಳಿಯಲ್ಲಿ ಹುಟ್ಟಿ, ಇಷ್ಟು ವರ್ಷ ಅವಳಿಂದ ಮೀನು ಕೊಂಡು, ಅವನು ಅವಳ ಬೈಗುಳವನ್ನು ಪುಸ್ತಕದ ಅಕ್ಷರದಂತೆ ನಂಬಿ ಗೀಟು ಹಾಕಿದ್ದ! ತನ್ನ ಮೇಲೆಯೇ ಅವನಿಗೆ ನಾಚಿಕೆಯಾಯಿತು.

"ಮೂರು" ಎಂದ ಫೌಸ್ಟಿನ್. "ಹರ್ಷಿತ್, ದರ ಸರಿಯಾಗಿ ಕಡಿಮೆ ಮಾಡಿಸಿ."

ಹರ್ಷಿತ್ ಕಂಪನಿಗೆ ಫೋನು ಮಾಡಲು ಹೊರಗೆ ಅಂಗಳಕ್ಕೆ ಹೋದ. ಧರ್ಮಪಾಲರು ಮೂರರ ಪೇಪರು ಬಿಚ್ಚಿ ಬಾಟಲಿಯನ್ನು ಫೌಸ್ಟಿನ್ನನ ಕೈಗಿತ್ತರು. ಎಟ್ನಾದ ಬಿಳಿ ವೈನ್. ಸಿಸಿಲಿಯ ಜ್ವಾಲಾಮುಖಿಯ ಇಳಿಜಾರಿನದ್ದು. ಅವನೇನಾದರೂ ಮೂಗಿದ್ದಾಗ ಒಂದೇ ಒಂದು ಬಿಳಿ ವೈನ್ ಆರಿಸಬೇಕಿದ್ದರೆ ಇದನ್ನೇ ಆರಿಸುತ್ತಿದ್ದ.

"ನೋಡಿದಿರಾ ನಳಿನಾಕ್ಷಿ!" ಧರ್ಮಪಾಲರ ಮುಖ ಅರಳಿತ್ತು. "ನೀವು ಕಲ್ಲು ತೊಳೆದ ನೀರು ಅಂದ್ರಿ. ಇವರು ಅದನ್ನೇ ಆರಿಸಿದ್ರು. ಅನುಭವ ಅಂದ್ರೆ ಇದು. ಮೂಗು ಅಂದ್ರೆ ಮೂಗು!"

ನಳಿನಾಕ್ಷಿ, "ಹೌದು ಧಣಿ, ನಮಗೆಂತ ಗೊತ್ತು" ಎಂದು ಸೆರಗಿನಿಂದ ಬೆರಳು ಒರೆಸಿಕೊಂಡಳು. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ.

ಬಾಟಲಿಯ ಚೀಟಿ ಫೌಸ್ಟಿನ್ನನ ಕಣ್ಣೆದುರೇ ಇತ್ತು. ಪಾಠ ಒಪ್ಪಿಸಿದರೆ ಮುಗಿಯಿತು. ಇನ್ನು ಹತ್ತು ವರ್ಷ ಯಾರೂ ಅವನನ್ನು ಕೇಳುವವರಿಲ್ಲ. ಆದರೆ ಅವನಿಗೆ ಬಾಯಿ ಬರಲಿಲ್ಲ. ಇಂಥ ಕಸುಬುದಾರಳನ್ನು ಅವಳ ಎದುರಿಗೇ ಏನೂ ತಿಳಿಯದವಳನ್ನಾಗಿ ಮಾಡಿ, ಆ ಹೊಗಳಿಕೆಯನ್ನು ತಾನು ಜೇಬಿಗಿಳಿಸುವುದೇ?

"ಸರ್, ನನ್ನ ಮೂಗಿಗೆ ಏನೂ ತಿಳಿಯುವುದಿಲ್ಲ" ಎಂದ. "ಮೂರು ವರ್ಷ ಆಯಿತು. ಆ ಜ್ವರದಲ್ಲಿ ಹೋದದ್ದು, ಬರಲೇ ಇಲ್ಲ. ಮೂರನ್ನು ಆರಿಸಿದ್ದು ನಾನಲ್ಲ, ಈ ಅಕ್ಕ. ಮಾರುವವನು ಎದುರಿಗಿದ್ದ ಅಂತ ಬೈದರು, ಅಷ್ಟೇ."

ಧರ್ಮಪಾಲರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನಳಿನಾಕ್ಷಿಯ ಕಡೆ ತಿರುಗಿದರು. "ಹೌದಾ?"

ಅವಳು ಬಾಗಿಲ ಕಡೆ ನೋಡಿದಳು. ಹರ್ಷಿತ್ ಅಂಗಳದ ಆ ತುದಿಯಲ್ಲಿದ್ದ. ಆಮೇಲೆ ಮೂರನೇ ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಈಗ ಹೇಳಬಹುದು ಧಣಿ. ಇದರಷ್ಟು ಒಳ್ಳೆದು ಈ ಮೇಜಿನಲ್ಲಿ ಬೇರೆ ಇಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದ ಬಂಡೆಯ ಪರಿಮಳ. ಅದರ ಮೇಲೆ ಗಜನಿಂಬೆಯ ಸಿಪ್ಪೆ. ಕಡೆಗೆ ಚೂರು ಉಪ್ಪು, ಕಡಲ ಗಾಳಿಯಲ್ಲಿ ಇರ್ತದಲ್ಲ, ಅಷ್ಟೇ. ಎರಡನೆಯದು ಮೀನಿನ ತಲೆ ಮೇಲೆ ಹತ್ತಿ ಕೂತುಕೊಳ್ತದೆ. ಇದು ಹಾಗಲ್ಲ. ಮೀನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ತದೆ."

ಫೌಸ್ಟಿನ್ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟ. ಅಕ್ಷರಶಃ ಅದೇ. ಸಿಸಿಲಿಯ ಆ ಮುದುಕ ಕೈಯಲ್ಲಿ ಉಜ್ಜಿ ಅವನ ಮೂಗಿಗೆ ಹಿಡಿದದ್ದು ಇದೇ ಪರಿಮಳ. ಮೂರು ವರ್ಷದಿಂದ ಅವನು ಬಾಯಿಪಾಠ ಹೇಳುತ್ತಿದ್ದದ್ದನ್ನು ಇವಳು ಒಂದೇ ಬೆರಳಿನಲ್ಲಿ ಕಂಡಿದ್ದಳು.

"ವೈನಿನ ವಿಷಯ ಸರಿ" ಎಂದರು ಧರ್ಮಪಾಲರು. ಧ್ವನಿ ಗಡುಸಾಗಿತ್ತು. "ಮೂರು ವರ್ಷ ನನ್ನ ಅಡುಗೆಮನೆಗೆ ಮೀನು ಮೂಸಿದ್ದು ಯಾರು? ಒಂದು ದಿನ ಹಾಳು ಮೀನು ಬಂದಿದ್ದರೆ ಹೋಟೆಲಿನ ಗತಿ ಎಂತ, ಬರ್ಬೋಜಾ?"

ಫೌಸ್ಟಿನ್ ತಲೆ ತಗ್ಗಿಸಿದ. 

"ಒಂದು ದಿನ ಬಂದಿತ್ತು ಧಣಿ" ಎಂದಳು ನಳಿನಾಕ್ಷಿ. "ಇವರಿಗೆ ಜ್ವರ ಬಂದ ವರ್ಷ, ಚೌತಿಯ ಮರುದಿನ. ಸೊಸೆ ಬುಟ್ಟಿ ತುಂಬಿಸಿದ್ದು, ಅಡಿಯಲ್ಲಿ ನಾಲ್ಕು ಕೆಟ್ಟ ಬಂಗುಡೆ ಉಳಿದಿತ್ತು. ಇವರು ಅದನ್ನೇ ಎತ್ತಿ ಮೂಸಿ, ಭಾರೀ ಫ್ರೆಶ್ ಉಂಟು ಅಂದ್ರು. ಇವರ ಮೂಗು ಹೋಗಿದೆ ಅಂತ ನನಗೆ ಆಗಲೇ ಗೊತ್ತಾಯ್ತು. ಬುಟ್ಟಿ ಬದಲಾಗಿದೆ ಅಂತ ಸುಳ್ಳು ಹೇಳಿ ವಾಪಸ್ ಕೊಂಡುಹೋದೆ. ಆ ದಿನದಿಂದ ಇಲ್ಲಿಗೆ ಸೊಸೆಯನ್ನು ಕಳಿಸಲಿಲ್ಲ. ಮನೆಯಲ್ಲಿ ಒಂದೊಂದೇ ಮೀನು ಮೂಸಿ, ನಾನೇ ತರುವುದು."

ಧರ್ಮಪಾಲರು ಮೇಜಿನ ಮೇಲಿದ್ದ ನೀರು ಕುಡಿದು, ಎದ್ದು ಕಿಟಕಿಯ ಬಳಿ ನಿಂತು, "ಇನ್ನು ಮುಂದೆ ನಳಿನಾಕ್ಷಿ ಮೂಸಲಿ, ಬರ್ಬೋಜಾ, ನೀವು ಬರೆಯಿರಿ. ಸುಳ್ಳು ಬೇಡ" ಎಂದಷ್ಟೇ ಹೇಳಿದರು.

ಫೌಸ್ಟಿನ್ ನಳಿನಾಕ್ಷಿಯ ಕಡೆ ನೋಡಿದ. ಕಣ್ಣು ಒದ್ದೆಯಾಗಿತ್ತು, ಅದನ್ನು ಅಡಗಿಸಲೂ ಇಲ್ಲ.

"ಇಷ್ಟು ವರ್ಷ ಗೊತ್ತಿದ್ದೂ ನನಗೊಂದು ಮಾತು ಯಾಕೆ ಹೇಳಲಿಲ್ಲ ಅಕ್ಕ?"

"ಎಂತ ಹೇಳುವುದು ಪೊರ್ಬುಗಳೇ?" ಎಂದಳು ಅವಳು. "ನೀವು ದಿನಾ ಅಷ್ಟು ಚಂದ ಮಾಡಿ ಬಗ್ಗಿ ಮೂಸುತ್ತಿದ್ದಿರಿ."