ಪುರಿ ಭಟ್ಟಿಯ ಬೆಂಕಿ

ಜೀಪು ಬಂದು ನಿಂತಾಗ ಕೆಂಪಾಜಮ್ಮನ ಬಾಂಡಲೆಯಲ್ಲಿ ಅಕ್ಕಿ ಅರಳುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಯಾರು ಬಂದು ಕರೆದರೂ ಏಳುವ ಹಾಗಿಲ್ಲ. ಕೈಯಲ್ಲಿನ ಕಡ್ಡಿಪೊರಕೆ ಒಂದು ಗಳಿಗೆ ನಿಂತರೂ ಪುರಿ ಸೀದುಹೋಗುತ್ತದೆ. ಅಂಥಾದ್ದರಲ್ಲಿ ಮೆಡಿಕಲ್ ಶಾಪಿನ ಷಡಕ್ಷರಿ ಏದುಸಿರು ಬಿಡುತ್ತಾ ಓಡಿಬಂದ.

"ಅಕ್ಕ, ಸಾಯೇಬ್ರು ಬಂದವ್ರ. ಏಳಕ್ಕ."

"ಆರ್ ತಿಂಗ್ಳಿಂದ ನಾವು ಕಾದಿಲ್ವ? ಒಂದ್ ಬಾಂಡ್ಲಿ ಪುರಿ ಆಗಗಂಟ ಅವ್ರೂ ಕಾಯ್ಲಿ ಬುಡು," ಎಂದು ಕೆಂಪಾಜಮ್ಮ ಪೊರಕೆ ಆಡಿಸುತ್ತಲೇ ಇದ್ದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವ ರಸ್ತೆ ತಿರುಗುವ ಜಾಗದಲ್ಲಿ ಆ ಕೇರಿ. ಅವಳ ಪುರಿ ಭಟ್ಟಿಯ ಪಕ್ಕದ ಹಿಪ್ಪುನೇರಳೆ ತೋಟ ಸದಾಶಿವಪ್ಪನವರದು. ಆ ತೋಟಕ್ಕೆ ಒಂದು ಬೆಳಿಗ್ಗೆ ಜೆಸಿಬಿ ಬಂತು, ಸಂಜೆಯ ಹೊತ್ತಿಗೆ ಗಿಡಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು. ಪೆಟ್ರೋಲ್ ಬಂಕು ಬರುತ್ತದೆ ಎಂದು ಮೊದಲು ಸುದ್ದಿಯಾಯಿತು, ಆಮೇಲೆ ಸುಣ್ಣದಲ್ಲಿ ಗುರುತು ಹಾಕಿದರು. ನೆಲದೊಳಗೆ ಟ್ಯಾಂಕು ಹೂಳುವ ಜಾಗ ಕೇರಿಯ ಬಾವಿಗೆ ಎಷ್ಟು ಹತ್ತಿರವೆಂದರೆ ಬಾವಿಕಟ್ಟೆಯ ಮೇಲೆ ನಿಂತು ಎಲೆಯಡಿಕೆ ಉಗಿದರೆ ಅಲ್ಲಿಗೆ ಬೀಳಬೇಕು. ಕುಡಿಯುವುದಕ್ಕೂ ಅಕ್ಕಿ ನೆನೆಹಾಕುವುದಕ್ಕೂ ಇರುವುದು ಅದೊಂದೇ ಬಾವಿ. ನಲ್ಲಿಯಲ್ಲಿ ನೀರು ಬರುವುದು ಅದರ ಮನಸ್ಸು ಬಂದಾಗ.

ಕೇರಿಯವರು ಅರ್ಜಿ ಕೊಟ್ಟರು. ಹನೂರಿನಲ್ಲಿ ಕೇಳಿದರೆ ಕೊಳ್ಳೇಗಾಲಕ್ಕೆ ಹೋಗಿ ಎಂದರು, ಕೊಳ್ಳೇಗಾಲದಲ್ಲಿ ಕೇಳಿದರೆ ಚಾಮರಾಜನಗರಕ್ಕೆ, ಅಲ್ಲಿ ಕೇಳಿದರೆ ನಿಮ್ಮ ತಾಲ್ಲೂಕಿನಿಂದಲೇ ವರದಿ ಬರಬೇಕಲ್ಲಮ್ಮ ಎಂದರು. ಬಸ್ಸಿನಲ್ಲಿ ನಿಂತೂ ನಿಂತೂ ಕೆಂಪಾಜಮ್ಮನ ಕಾಲು ಊದಿಕೊಂಡವು. ಅವಳ ಗಂಡ ಮುತ್ತಯ್ಯ ಮೊದಲ ಸಲ ಜೊತೆಗೆ ಹೋಗಿ ಬಂದವನು ಮತ್ತೆ ಹೋಗಲಿಲ್ಲ. ಮರಳು ಜರಡಿ ಹಿಡಿಯುವುದು ಅವನ ಕೆಲಸ. ಅದನ್ನು ಮಾಡಿಕೊಂಡು ಸುಮ್ಮನಿದ್ದ.

ಹನೂರಿನ ಕಚೇರಿಯಿಂದ ಜೀಪಿನಲ್ಲಿ ಬಂದ ಅಧಿಕಾರಿಗೆ ಇನ್ನೂ ನಡುವಯಸ್ಸು ಆಗಿರಲಿಲ್ಲ. ಬಿಳಿ ಶೂಗೆ ಧೂಳು ತಾಗದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ. ಎಲ್ಲರೂ ಒಟ್ಟಿಗೆ ಮಾತಾಡಿದರು. ಬಾವಿಗೆ ಎಣ್ಣೆ ಇಳಿದರೆ ಗತಿಯೇನು ಎಂದು ಪಕ್ಕದ ಮನೆಯ ಯಶೋದ ಕೇಳಿದ್ದಕ್ಕೆ, "ಈಗಿನ ಟ್ಯಾಂಕ್ ಸೋರಲ್ಲಮ್ಮ, ಡಬಲ್ ಲೇಯರ್ ಇರುತ್ತೆ," ಎಂದ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಈ ತಿರುವಿನಲ್ಲೇ ಮಲಗುತ್ತಾರೆ, ಲಾರಿಗಳು ಒಳಗೆ ಹೊರಗೆ ತಿರುಗಿದರೆ ಜನ ಚಕ್ರಕ್ಕೆ ಸಿಗುತ್ತಾರೆ ಎಂದರೆ, "ಅದು ರಸ್ತೆ ಇಲಾಖೆಯವರಿಗೆ ಹೇಳಬೇಕು," ಎಂದ. ಏನು ಹೇಳಿದರೂ ಅವನ ಬಳಿ ಒಂದು ಉತ್ತರ ಸಿದ್ಧವಿತ್ತು. ಯಶೋದ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು.

ಆಗ ಷಡಕ್ಷರಿ ತನ್ನ ದೊಡ್ಡ ಮಾತನ್ನು ಹೊರತೆಗೆದ. ಅದನ್ನು ಅವನು ಮೂರು ದಿನದಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ. "ಸಾ, ಪಕ್ಕದಲ್ಲೇ ಪುರಿ ಬಟ್ಟಿ ಅದ. ಉರಿಯೋ ಬೆಂಕಿ. ಅದ್ರ ಮಗ್ಗುಲ್ಗೆ ಪೆಟ್ರೋಲ್ ತಂದ್ ಮಡುಗ್ತಾರ ಅಂದ್ರ ಕೇರಿ ಉಳಿದದಾ?"

ಅಧಿಕಾರಿ ಮೊದಲ ಸಲ ತಲೆ ಎತ್ತಿದ. ಅದನ್ನು ಕಂಡು ಎಲ್ಲರಿಗೂ ಉಸಿರು ಬಂದಂತಾಯಿತು.

ಕೆಂಪಾಜಮ್ಮ ಅಷ್ಟರಲ್ಲಿ ಪುರಿಯನ್ನು ಜರಡಿಗೆ ಸುರಿದು ಎದ್ದು ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ದಿನಾ ಉರಿಸ್ತೀರಾ ಇದನ್ನ?" ಎಂದ ಅಧಿಕಾರಿ.

ಇಷ್ಟು ದಿನದಲ್ಲಿ ಯಾವ ಕಚೇರಿಯವರೂ ಅವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಅವಳಿಗೆ ಮನಸ್ಸು ಹೂವಾಯಿತು. "ಉರಿಸೋದೇನ್ ಸಾ, ಆರ್ಸದೇ ಇಲ್ಲ. ನಮ್ಮತ್ತ ದೊಡ್ಡಮಾದಮ್ಮ ಅಚ್ಚಿದ್ ಬೆಂಕಿ ಇದು. ಸಂಜ ಬೂದಿ ಮುಚ್ಚಿ ಮಡುಗ್ತೀವಿ, ಒತ್ತಾರ ಎದ್ದು ಕೆದ್ಕಿ ಬತ್ತದ ಒಟ್ಟು ಆಕ್ತೀವಿ. ನಮ್ಮತ್ತ ಸತ್ ದಿನ ನಾವು ಮುಟ್ಟಂಗಿರ್ನಿಲ್ಲ, ಈ ಯಶೋದನೇ ಬಂದು ಒಟ್ಟಾಕಿ ಕಾಪಾಡಿದ್ಳು. ಒಂದ್ ದಿನಾನೂ ಆರಿಲ್ಲ."

"ರಾತ್ರಿ ಹೊತ್ತೂ ಕೆಂಡ ಇರುತ್ತೆ ಅನ್ನಿ."

"ಇರ್ತದ ಸಾ. ಸುತ್ಲೋರ್ಗೆಲ್ಲ ಇಲ್ಲಿಂದ್ಲೇ ಕೆಂಡ ಓಗೋದು, ನೀರೊಲೆಗೆ. ಬೆಂಕಿ ಕೇಳ್ಕಂಡು ಬಂದೋರ್ಗೆ ಇಲ್ಲ ಅನ್ನಬ್ಯಾಡ ಅಂತ ನಮ್ಮತ್ತ ಕೈ ಇಡ್ದು ಮಾತ್ ಈಸ್ಕಂಡವ್ಳ. ಇದ್ವರ್ಗೂ ಅಂದಿಲ್ಲ."

ಹಿಂದೆ ನಿಂತಿದ್ದ ಮುತ್ತಯ್ಯ ಒಂದು ಸಲ ಕೆಮ್ಮಿದ. ಮತ್ತೊಂದು ಸಲ ಕೆಮ್ಮಿದ. ಹೊಗೆಯಲ್ಲಿ ಬದುಕುವವನ ಕೆಮ್ಮನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ಕೆಂಪಾಜಮ್ಮ ಬಿಸಿ ಪುರಿಯನ್ನು ಪೇಪರಿನ ಪೊಟ್ಟಣದಲ್ಲಿ ತುಂಬಿ ಅಧಿಕಾರಿಯ ಕೈಗೆ ಕೊಟ್ಟಳು. ಅವನು ತಿನ್ನುತ್ತಾ ಬರೆದುಕೊಂಡ. ಚೆನ್ನಾಗಿದೆ ಎಂದೂ ಹೇಳಿದ.

ಜೀಪು ಹೋದ ಮೇಲೆ ಷಡಕ್ಷರಿ ತನ್ನ ಕೈಗೆ ತಾನೇ ಚಪ್ಪಾಳೆ ತಟ್ಟಿಕೊಂಡ. "ಬಂಕು ಬಿತ್ತು ಅಂತ್ಲೇ ತಿಳ್ಕೊ ಅಕ್ಕ. ನೀ ಏಳಿದ್ ಮಾತು ಸರ್ಯಾಗ್ ಕೂತದ." ಆ ಸಂಜೆ ಯಶೋದ ಪಾಯಸ ಮಾಡಿ ತಂದುಕೊಟ್ಟಳು.

ಶಿವರಾತ್ರಿ ಕಳೆಯಿತು. ಬೆಟ್ಟಕ್ಕೆ ನಡೆಯುವವರು ಮೂಟೆ ಮೂಟೆ ಪುರಿ ಒಯ್ದರು, ಕೆಂಪಾಜಮ್ಮನಿಗೆ ಸೊಂಟ ನೆಟ್ಟಗೆ ಮಾಡಲೂ ಪುರುಸೊತ್ತಿರಲಿಲ್ಲ. ಯುಗಾದಿಗೆ ಒಂದು ವಾರ ಇರುವಾಗ ಪಂಚಾಯ್ತಿಯವನು ಬಂದು ಒಂದು ಕಾಗದ ಕೊಟ್ಟು ರುಜು ಹಾಕಿಸಿಕೊಂಡು ಹೋದ. ಷಡಕ್ಷರಿ ಅದನ್ನು ಓದಿದ. ಓದುತ್ತಾ ಓದುತ್ತಾ ಅವನ ದನಿ ಕೆಳಗಿಳಿಯಿತು. ಪೆಟ್ರೋಲ್ ಬಂಕಿಗೆ ಒಪ್ಪಿಗೆ ಸಿಕ್ಕಿದೆ. ಆದರೆ ಪಕ್ಕದಲ್ಲಿ ಹಗಲು ರಾತ್ರಿ ಬೆಂಕಿ ಇರುವ ಭಟ್ಟಿಯೊಂದು ನಡೆಯುತ್ತಿದೆ ಎಂದು ಸ್ಥಳೀಯರೇ ತಿಳಿಸಿದ್ದಾರೆ. ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಭಟ್ಟಿಯನ್ನು ಒಂದು ತಿಂಗಳೊಳಗೆ ಮುಚ್ಚತಕ್ಕದ್ದು.

"ಸ್ಥಳೀಯ್ರು ಅಂದ್ರ ಯಾರು?" ಎಂದು ಕೆಂಪಾಜಮ್ಮ ಕೇಳಿದಳು.

"ನಾವೇ ಕಣಕ್ಕ."

ಅವಳು ಮಾರನೆಯ ದಿನವೇ ಹನೂರಿಗೆ ಹೋದಳು. ಷಡಕ್ಷರಿಯೂ ಹೋದ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಊಟ ಮುಗಿಸಿಕೊಂಡು ಬಂದು ಅದೇ ಅಧಿಕಾರಿ ಒಳಗೆ ಕರೆದ. ಗುರುತು ಹಿಡಿದು ನಕ್ಕ ಕೂಡ.

"ಬೆಂಕಿ ಮೊದ್ಲೋ, ಬಂಕು ಮೊದ್ಲೋ ಸಾ?" ಎಂದಳು ಕೆಂಪಾಜಮ್ಮ. "ನಾವು ಬಂಕು ಬ್ಯಾಡ ಅಂತ ಅರ್ಜಿ ಕೊಟ್ರೆ ನೀವು ನಮ್ ಬಟ್ಟಿಗೆ ಮಣ್ಣಾಕೋದಾ?"

"ಅಪಾಯ ಅಂತ ಹೇಳಿದ್ದು ನೀವೇ ಅಲ್ವೇನಮ್ಮ? ಬೆಂಕಿ, ಪೆಟ್ರೋಲ್ ಎರಡೂ ಅಕ್ಕಪಕ್ಕ ಇರೋಕಾಗಲ್ಲ. ನಾನೂ ಅದನ್ನೇ ಬರೆದಿದ್ದೀನಿ."

"ಹಂಗಾರ ಪೆಟ್ರೋಲ್ ಬ್ಯಾರೆ ಕಡೆಗೆ ಓಗ್ಲಿ."

"ಅವರ ಹತ್ತಿರ ಲೈಸೆನ್ಸ್ ಇದೆ. ನಿಮ್ಮ ಭಟ್ಟಿಗೆ ಇದೆಯಾ?"

ಕೆಂಪಾಜಮ್ಮ ಷಡಕ್ಷರಿಯ ಮುಖ ನೋಡಿದಳು, ಷಡಕ್ಷರಿ ಫ್ಯಾನು ನೋಡಿದ. ಅಕ್ಕಿ ಹುರಿಯುವುದಕ್ಕೂ ಲೈಸೆನ್ಸ್ ಬೇಕು ಎಂದು ಅವಳತ್ತೆಗೆ ಯಾರೂ ಹೇಳಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಕೇರಿಯಲ್ಲಿ ಒಡಕು ಶುರುವಾಗಿದ್ದು ಆಮೇಲೆ. ಬಂಕಿನ ಮೇಲೆ ತೋರಿಸಲಾಗದ ಸಿಟ್ಟನ್ನು ಜನ ತಮ್ಮ ತಮ್ಮಲ್ಲೇ ತೋರಿಸಿಕೊಂಡರು. ಭಟ್ಟಿಯ ಮಾತು ಎತ್ತಿದ್ದು ಯಾರು ಎಂದು ಷಡಕ್ಷರಿಯ ಅಂಗಡಿ ಮುಂದೆ ಜಗಳವಾಯಿತು. ಯಶೋದ ನೀರು ಸೇದುತ್ತಾ, "ಅವ್ನು ಒಂದ್ ಮಾತೇಳ್ದ, ನೀನು ಊರಗಲ ಮಾಡ್ಕಂಡೆ ಕಣಕ್ಕ. ಆರ್ಸೇ ಇಲ್ಲ, ಆರ್ಸೇ ಇಲ್ಲ ಅಂತ ಯಾಕ್ ಕೊಚ್ಕೊಂಡೆ? ಹೋಗ್ಲಿ, ನನ್ ಹೆಸ್ರ ಯಾಕ್ ಎಳೆದೆ?" ಎಂದಳು. ಕೆಂಪಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೆಚ್ಚು ಉರಿದದ್ದು ಆ ಮಾತು ನಿಜವಾಗಿದ್ದಕ್ಕೆ. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು, ಯಶೋದ ಕೆಂಡಕ್ಕೆ ಬರುವುದನ್ನೂ ಬಿಟ್ಟಳು.

ಸದಾಶಿವಪ್ಪನವರೂ ಒಂದು ಸಂಜೆ ಬಂದರು. ಅವರ ಮೇಲೆ ಬೈಗುಳ ಸುರಿಯೋಣವೆಂದರೆ ಆ ಮನುಷ್ಯ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಜಗಲಿಯ ಮೇಲೆ ಕೂತರು.

"ಕೆಂಪಾಜಮ್ಮ, ನಾನು ನಿಮ್ಮ ಭಟ್ಟಿ ಮುಚ್ಚಿಸಿ ಅಂತ ಯಾರನ್ನೂ ಕೇಳಿಲ್ಲ. ದೇವರಾಣೆ. ರೇಷ್ಮೆ ಕೈ ಹಿಡಿಲಿಲ್ಲ, ಏನೋ ಒಂದು ಮಾಡಬೇಕಲ್ಲ. ನಿಮ್ಮ ಸೊಸೆ ರೂಪಂಗೆ ಬಂಕಲ್ಲಿ ಕೆಲಸ ಕೊಡ್ತೀನಿ. ನೆರಳಲ್ಲಿ ನಿಂತು ಮಾಡೋ ಕೆಲಸ."

"ಬಾವಿ ನೀರ್ಗೆ ಏನೇಳ್ತೀರಿ ಸದಾಶಿವಪ್ನೋರೆ?"

"ಬೋರ್ ಹಾಕ್ಸಿಕೊಡ್ತೀನಿ."

ಒಳಗಿನಿಂದ ರೂಪ ಕೇಳಿಸಿಕೊಳ್ಳುತ್ತಿದ್ದಳು. ಕೆಲಸದ ಮಾತು ಬಂದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೆಂಪಾಜಮ್ಮನಿಗೆ ತಿಳಿಯಿತು. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಹೀಗೆ ನಯವಾಗಿ ಮಾತಾಡುವವನನ್ನು ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಹೋಗುವಾಗ ಅವರು ಎಂದಿನಂತೆ ಎರಡು ಸೇರು ಪುರಿ ಕೊಂಡುಕೊಂಡರು.

ಯುಗಾದಿ ಮುಗಿದದ್ದೇ ಗುಂಡಿ ತೋಡುವವರು ಬಂದಿಳಿದರು. ಗಡಿಯಾಚೆಯ ತಮಿಳು ಸಂಸಾರಗಳು. ಬೇಲಿಯ ಪಕ್ಕ ನೀಲಿ ಟಾರ್ಪಾಲು ಕಟ್ಟಿಕೊಂಡು ಅಲ್ಲೇ ಬಿಡಾರ ಹೂಡಿದರು. ಕಟ್ಟಡದ ಒಂದು ಕಲ್ಲು ಏಳುವ ಮೊದಲೇ ಕೆಂಪು ಅಕ್ಷರದ ಬೋರ್ಡು ಎದ್ದು ನಿಂತಿತು: ಎಚ್ಚರಿಕೆ, ಇಲ್ಲಿ ಬೆಂಕಿ ಹಚ್ಚಬಾರದು.

ಭಟ್ಟಿಗೆ ಕೊಟ್ಟಿದ್ದ ಗಡುವಿನ ಕೊನೆಯ ದಿನ ಬಂತು. ಹಿಂದಿನ ರಾತ್ರಿ ಗುಡುಗಿ ಸುರಿದ ಮಳೆಗೆ ನೆಲವೆಲ್ಲ ಕೆಸರಾಗಿತ್ತು. ಹತ್ತು ಗಂಟೆಗೆ ಪಂಚಾಯ್ತಿಯವರು ಬಂದು ಬೆಂಕಿ ಆರಿಸಿದ್ದನ್ನು ನೋಡಿ ಫೋಟೋ ಹಿಡಿದುಕೊಂಡು ಹೋಗುವವರಿದ್ದರು.

"ಅವ್ರು ಬಂದು ಆರ್ಸದ್ ಬ್ಯಾಡ," ಎಂದ ಮುತ್ತಯ್ಯ. ಎಷ್ಟೋ ದಿನಗಳ ಮೇಲೆ ಅವನು ಆಡಿದ ಉದ್ದನೆಯ ಮಾತು ಅದು. "ನಾವೇ ಮಾಡ್ಬುಡ್ವ."

ಅವನು ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು ಭಟ್ಟಿಯ ಬಾಯಿಯ ಬಳಿ ಇಟ್ಟ. ಇಟ್ಟವನು ಅಲ್ಲಿ ನಿಲ್ಲಲಾರದೆ ಜರಡಿ ಹಿಡಿದು ಹಿತ್ತಲಿಗೆ ಹೋದ. ಜರಡಿ ಹಿಡಿಯಲು ಅವತ್ತು ಏನೂ ಇರಲಿಲ್ಲ.

ಕೆಂಪಾಜಮ್ಮ ಕುಕ್ಕರುಗಾಲಿನಲ್ಲಿ ಕೂತು ಕಬ್ಬಿಣದ ಸಲಾಕೆಯಿಂದ ಬೂದಿ ಸರಿಸಿದಳು. ಕೆಳಗೆ ಕೆಂಡ ಎಂದಿನ ಹಾಗೇ ಕೆಂಪಗಿತ್ತು. ಅತ್ತೆ ಈಗ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಯೋಚಿಸಲು ಹೋಗಿ, ಬೇಡವೆನಿಸಿ, ಕೊಡದ ಕಂಠಕ್ಕೆ ಕೈ ಹಾಕಿದಳು.

"ಅಕ್ಕಾ."

ಬೇಲಿ ದಾಟಿ ಒಬ್ಬಳು ಹೆಂಗಸು ಬಂದು ನಿಂತಿದ್ದಳು. ಗುಂಡಿ ತೋಡುವವರ ಪೈಕಿಯವಳು. ತಲೆಯ ಮೇಲೆ ಹಾಕಿಕೊಂಡಿದ್ದ ಗೋಣಿಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಸಿಮೆಂಟು ಹೊರುವ ಬಾಣಲಿ.

"ಕೊಂಜಂ ನೆರುಪ್ಪು ಕುಡುಂಗ ಅಕ್ಕಾ," ಎಂದಳು. ಒಂದಿಷ್ಟು ಬೆಂಕಿ ಕೊಡಿ ಎಂದು. ಬೆಂಕಿಪೊಟ್ಟಣ ನೆನೆದುಹೋಗಿದೆ, ಬೆಳಗಿನಿಂದ ಒಬ್ಬರಿಗೂ ಒಂದು ಗುಟುಕು ಬಿಸಿ ಇಲ್ಲ ಎಂದು ಕೈಸನ್ನೆಯಲ್ಲಿ ತೋರಿಸಿದಳು.

ಕೆಂಪಾಜಮ್ಮನಿಗೆ ಸಿಟ್ಟು ಬಂತು. ಇವರ ಗುಂಡಿಗಾಗಿಯೇ ತಾನು ನೀರಿನ ಕೊಡ ಹಿಡಿದು ಕೂತಿರುವುದು. ಇಲ್ಲ ಹೋಗು ಎನ್ನಲು ಬಾಯಿ ತೆರೆದಳು. ಬರಲಿಲ್ಲ. ಆ ಮಾತನ್ನು ಈ ಜಾಗದಲ್ಲಿ ಕೂತು ಹೇಳುವುದು ಹೇಗೆಂದು ಅವಳು ಕಲಿತೇ ಇರಲಿಲ್ಲ. ಬಗ್ಗಿ, ದಪ್ಪ ದಪ್ಪ ಕೆಂಡಗಳನ್ನೇ ಆಯ್ದು ಬಾಣಲಿಗೆ ತೋಡಿಹಾಕಿದಳು. ಗಾಳಿಗೆ ಕಿಡಿ ಹಾರದ ಹಾಗೆ ಮೇಲೆ ಎರಡು ಹಿಡಿ ಬೂದಿ ಉದುರಿಸಿದಳು.

"ಉಸಾರು. ಕಾಲ್ ಮ್ಯಾಲ ಕೆಡವ್ಕಂಡೀಯ."

ಹೆಂಗಸು ಕೆಸರಲ್ಲಿ ಮೆಲ್ಲಗೆ ಹೆಜ್ಜೆ ಇಡುತ್ತಾ ಬೇಲಿ ದಾಟಿದಳು. ನೆನೆಯದ ನೆಲ ಇದ್ದದ್ದು ಬೋರ್ಡಿನ ಕೆಳಗೆ ಮಾತ್ರ, ಅದರ ತಗಡು ಅಷ್ಟಕ್ಕೆ ಮಳೆ ತಡೆದಿತ್ತು. ಅಲ್ಲೇ ಮೂರು ಕಲ್ಲು ಹೂಡಿ ಕೆಂಡ ಸುರಿದು ಊದತೊಡಗಿದಳು. ಸ್ವಲ್ಪ ಹೊತ್ತಿಗೆ ಕೆಂಪು ಅಕ್ಷರಗಳ ಮೇಲೆ ಹೊಗೆ ಹತ್ತಿತು.

ಕೆಂಪಾಜಮ್ಮ ಅದು ಹೊತ್ತಿಕೊಳ್ಳುವವರೆಗೂ ನೋಡಿದಳು. ಆಮೇಲೆ ಕೊಡ ಎತ್ತಿ ಭಟ್ಟಿಯೊಳಗೆ ಸುರಿದಳು. ಬುಸ್ಸೆಂದು ಎದ್ದ ಹಬೆ ಸೂರಿಗೆ ಬಡಿಯಿತು, ಬೂದಿಯ ನೀರು ಅವಳ ಕಾಲ ಬೆರಳ ಸಂದಿಗೆ ಹರಿದು ಬಂತು. ಅವಳು ಕಾಲು ತೆಗೆಯದೆ ಅಲ್ಲೇ ಕೂತಳು. ಹಿತ್ತಲಲ್ಲಿ ಮುತ್ತಯ್ಯ ಒಂದೇ ಸಮ ಕೆಮ್ಮುತ್ತಿದ್ದ.

ಹಬೆ ತಿಳಿಯಾಗುವ ಹೊತ್ತಿಗೆ ಆ ಹೆಂಗಸು ಮತ್ತೆ ಬೇಲಿಯ ಬಳಿ ಬಂದಿದ್ದಳು. ಒಂದು ಕೈಯಲ್ಲಿ ಬರಿದಾದ ಬಾಣಲಿ, ಇನ್ನೊಂದರಲ್ಲಿ ಸ್ಟೀಲ್ ಲೋಟ.

"ಟೀ, ಅಕ್ಕಾ," ಎಂದಳು.

ಕೆಂಪಾಜಮ್ಮ ಎದ್ದು ಹೋಗಿ ಲೋಟ ಇಸಿದುಕೊಂಡಳು. ಹಿಡಿಯಲಾರದಷ್ಟು ಬಿಸಿಯಾಗಿತ್ತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.