ಮೂಸಬಾರದ ಪಾಯಸ

ನೈವೇದ್ಯದ ಅಡುಗೆಯನ್ನು ರುಚಿ ನೋಡಬಾರದು, ಬಗ್ಗಿ ಮೂಸಲೂಬಾರದು. ಹಬೆ ತಾನಾಗಿ ಮೂಗಿಗೆ ಬಂದರೆ ದೋಷವಿಲ್ಲ. ನಮ್ಮತ್ತೆ ಕಲಿಸಿದ್ದು ಹೀಗೆ. ಆ ಹಬೆಯಿಂದಲೇ ನಾನು ಹದ ತಿಳಿಯುತ್ತಿದ್ದೆ. ಈ ಪರದೇಶದ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಕನ್ನಡದವರು ಸೇರಿ ಮಾಡುವ ಗಣೇಶನ ಹಬ್ಬಕ್ಕೆ ಪ್ರತಿ ಸಲವೂ ಅಡುಗೆ ನನ್ನದೇ.

ಕೊರೊನಾ ಬಂದು ಹೋದ ಮೇಲೆ ನನ್ನ ಮೂಗು ಸತ್ತಿದೆ. ನಾಲಿಗೆಯೂ ಅರ್ಧ ಸತ್ತಿದೆ. ಹೇಳಿದರೆ ಜನ ನಗುತ್ತಾರೆ. ಮೆಲಾಕಾದಲ್ಲಿ ವೈದ್ಯ ಆಗುವವರಿಗೆ ಪಾಠ ಹೇಳುವ ತ್ರಿವಿಕ್ರಮ ಡಾಕ್ಟರೂ ನಕ್ಕಿದ್ದರು.

"ಅದೆಲ್ಲ ಮುಗಿದ್ಹೋದ ಕಥೆ ರತ್ನಕ್ಕ. ನಂಗೂ ಎರಡು ಸಲ ಬಂದಿತ್ತು. ನೋಡಿ, ಗುಂಡುಕಲ್ಲು."

ಈ ಸಲ ಪಾಯಸಕ್ಕೆ ತೆಂಗಿನ ಹಾಲನ್ನು ನನ್ನ ಗಂಡ ಗುರುದತ್ ಬೆಳಿಗ್ಗೆ ಅಂಗಡಿಯಲ್ಲಿ ಹಿಂಡಿಸಿ ತಂದರು. ಬರುವ ದಾರಿಯಲ್ಲಿ ಅದನ್ನು ಕಾರಿನಲ್ಲೇ ಬಿಟ್ಟು, ರಸ್ತೆಬದಿಯ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಗಂಟೆಗಟ್ಟಲೆ ಹರಟೆ ಹೊಡೆದಿದ್ದರಂತೆ. ಈ ಊರಿನ ಬಿಸಿಲಿಗೆ ಮುಚ್ಚಿದ ಕಾರೆಂದರೆ ಒಲೆ. ಮಡಿಯಲ್ಲಿ ಒಬ್ಬಳೇ ಪಾಯಸ ಮಾಡಿ, ತಟ್ಟೆ ಮುಚ್ಚಿ, ದೇವರ ಮುಂದೆ ಇಟ್ಟ ಮೇಲೆ ನನಗೆ ಈ ಸುದ್ದಿ ಸಿಕ್ಕಿತು.

ಮಕ್ಕಳು ಆಗಲೇ ಎಲೆ ಹಾಸಿಕೊಂಡು ಕೂತಿದ್ದವು.

ಯಾರಾದರೂ ಒಂದು ಸಲ ಮೂಸಿ ನೋಡಿ ಎಂದು ಬೇಡಿದೆ. ಏನೂ ಆಗಿರಲ್ಲ ಲಾ, ಎಂದು ಈ ಊರಿನವರ ರಾಗದಲ್ಲಿ ಎಳೆದರು ನನ್ನ ಗಂಡ. ಪೂಜೆಗೆ ಕೂತಿದ್ದ ಡಾಕ್ಟರು, ನೈವೇದ್ಯವನ್ನು ಮೂಸುವುದುಂಟೇ, ನಿಮ್ಮ ಕೈ ಯಾವತ್ತು ತಪ್ಪಿದೆ ಎಂದರು.

"ಕೈ ಅಲ್ಲ ಸ್ವಾಮಿ, ಮೂಗು," ಎಂದೆ.

ಅವರು ಗಂಟೆ ಎತ್ತಿಕೊಂಡರು.

ನನಗೆ ತಲೆ ಕೆಟ್ಟಿತು. ತಟ್ಟೆ ಸರಿಸಿ, ಒಂದು ಸೌಟು ಪಾಯಸವನ್ನು ಬಾಯಿಗೆ ಸುರಿದುಕೊಂಡು, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದೆ. ಬೆಲ್ಲದ ಸಿಹಿ ಬಿಟ್ಟರೆ ನನಗೇನೂ ತಿಳಿಯಲಿಲ್ಲ. ತಿಳಿಯದಿದ್ದರೆ ಬೇಡ. ಎಂಜಲಾದದ್ದನ್ನು ದೇವರಿಗೂ ಇಡುವಂತಿಲ್ಲ, ಮಕ್ಕಳಿಗೂ ಬಡಿಸುವಂತಿಲ್ಲ.

ನನ್ನ ಗಂಡ ತಲೆಯ ಮೇಲೆ ಕೈ ಹೊತ್ತುಕೊಂಡರು. ಇವಳಿಗೆ ಹುಚ್ಚು ಎಂದು ಹಿಂದಿನಿಂದ ಯಾರೋ ಅಂದರು.

"ಎಂಜಲಾಯ್ತಲ್ಲ, ಇನ್ನು ಮಡಿ ಇಲ್ಲ. ಈಗ ಮೂಸಿ ಡಾಕ್ಟ್ರೇ."

ಅವರು ಸಿಟ್ಟಿನಲ್ಲೇ ಪಾತ್ರೆಯ ಮೇಲೆ ಬಗ್ಗಿದರು. "ಏನಾಗಿದೆ ಇದಕ್ಕೆ? ಒಂದು ಚೂರೂ ವಾಸನೆ ಇಲ್ಲ. ಸುಮ್ನೆ ಹಬ್ಬ ಕೆಡಿಸಿದ್ರಿ."

ಒಂದು ಹಿಡಿ ಏಲಕ್ಕಿ ಕುಟ್ಟಿ ಹಾಕಿದ ಪಾಯಸ ಅದು.

ಅವರ ಹೆಂಡತಿ ವಂದನಾ ಎರಡು ಮಾರು ದೂರದಲ್ಲಿ ನಿಂತಿದ್ದಳು. ಆರತಿ ತಟ್ಟೆಯನ್ನು ಕೆಳಗಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳ ಪಕ್ಕದಲ್ಲಿದ್ದವರು ಹಿಂದೆ ಸರಿದರು.

"ರೀ," ಎಂದಳು ಮೆಲ್ಲಗೆ, "ಹಳಸಿ ನಾರ್ತಿದೆಯಲ್ರೀ. ಇಲ್ಲಿವರೆಗೂ ಬರ್ತಿದೆ."

ಡಾಕ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಮತ್ತೆ ಪಾತ್ರೆಯ ಮೇಲೆ ಬಗ್ಗಿದರು. ಈ ಸಲ ಬೇಗ ಏಳಲಿಲ್ಲ.