ಮೊದಲ ಕೈ ಯಾರದು

ಆ ವಾರವೆಲ್ಲ ಮಿಜುಹೊಗೆ ಕನಸಿನಲ್ಲೂ ಸೀಗಡಿಯೇ ಬರುತ್ತಿತ್ತು. ಕರಿದ ಸೀಗಡಿ, ಅದೂ ಪ್ಲಾಸ್ಟಿಕ್ಕಿನದು.

ಅವಳ ಕಂಪನಿಯೇ ಹಾಗಿತ್ತು. ಮೇಲಿನ ಮಹಡಿಯಲ್ಲಿ ವಸ್ತುಸಂಗ್ರಹಾಲಯಗಳಿಗೆ ಪ್ರದರ್ಶನಗಳನ್ನು ರೂಪಿಸುತ್ತಿದ್ದರು. ಕೆಳಗಿನ ಮಹಡಿಯಲ್ಲಿ ಹೋಟೆಲುಗಳು ಗಿರಾಕಿಗಳಿಗೆ ತೋರಿಸಲು ಗಾಜಿನ ಕಪಾಟಿನಲ್ಲಿಡುವ ಪ್ಲಾಸ್ಟಿಕ್ ಊಟ ತಯಾರಾಗುತ್ತಿತ್ತು: ನೂಡಲ್ಸು, ಮೀನು, ಸೀಗಡಿ, ಎಲ್ಲವೂ ಬಾಯಲ್ಲಿ ನೀರೂರುವಷ್ಟು ಚೆಂದ. ಹೋದ ವರ್ಷ ಮಿಜುಹೊ ಒಂದು ಕರಾವಳಿ ಊರಿಗೆ ಸಮುದ್ರದ ಪ್ರದರ್ಶನ ಮಾಡಿಕೊಟ್ಟಿದ್ದಳು. ದೊಡ್ಡ ಚಕ್ರ ತಿರುಗಿಸಿದರೆ ಅಲೆ ಏಳಬೇಕು. ಬೇಸಿಗೆ ಪೂರ್ತಿ ಜನ ಬಂದರು, ದೂರದಲ್ಲಿ ನಿಂತು ಚಕ್ರವನ್ನು ನೋಡಿದರು, "ಎಷ್ಟು ಚೆನ್ನಾಗಿ ಮಾಡಿದ್ದಾರೆ" ಎಂದು ಹೊಗಳಿದರು, ಮನೆಗೆ ಹೋದರು. ಒಬ್ಬ ಪುಣ್ಯಾತ್ಮನೂ ಚಕ್ರ ಮುಟ್ಟಲಿಲ್ಲ. ಸಮುದ್ರ ಕೆರೆಯ ಹಾಗೆ ತೆಪ್ಪಗೆ ಮಲಗಿತ್ತು.

ಆಮೇಲೆ ಕಂಪನಿಯ ಯಜಮಾನ ಹಿರುಕಾವಾ ಅವಳನ್ನು ಕರೆಸಿದ. ಅವನು ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ಮಾತಾಡುತ್ತಲೇ ಬೆವರಿಳಿಸುವವನು.

"ನೋಡಮ್ಮ ಮಿಜುಹೊ, ಈ ಸಲ ಕಾಡು. ಹಿನೊಸವಾ ಊರಿನ ಸಂಗ್ರಹಾಲಯದೋರು ಕಾಡು, ಹವಾಮಾನ ಎಲ್ಲ ಸೇರಿಸಿ ಒಂದು ಪ್ರದರ್ಶನ ಮಾಡಿಕೊಡಿ ಅಂದಿದ್ದಾರೆ. ಉದ್ಘಾಟನೆಗೆ ನಾನೇ ಬರ್ತೀನಿ. ಜನ ಕೈಯಿಟ್ಟು ಮುಟ್ಟಿದ್ರೆ ನೀನು ಮೇಲಿನ ಮಹಡೀಲಿ ಆರಾಮಾಗಿರು. ಮುಟ್ಟಲಿಲ್ವಾ, ಕೆಳಗೆ ಸೀಗಡಿಗೆ ಬಣ್ಣ ಬಳಿಯೋಕೆ ಒಬ್ಬರು ಬೇಕಂತೆ."

"ಮುಟ್ತಾರೆ ಸರ್."

"ಮುಟ್ಟಲಿ, ಸಂತೋಷ. ಆದ್ರೆ ಒಂದು ಮಾತು. ದಾರಿ ತೋರಿಸ್ತೀನಿ ಅಂತ ನೀನೇ ಹೋಗಿ ಮುಟ್ಟಬಾರದು. ಅಡುಗೆಯೋಳೇ ಊಟಕ್ಕೆ ಕೂತ್ರೆ ನೆಂಟರು ಉಂಡ ಹಾಗಾಗುತ್ತಾ?"

ಮಿಜುಹೊ ಹಟಕ್ಕೆ ಬಿದ್ದಳು. ಈ ಸಲ ಚಕ್ರವಿಲ್ಲ, ಗುಂಡಿಯಿಲ್ಲ, ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಬಿರುಗಾಳಿಗೆ ಬಿದ್ದಿದ್ದ ಹಳೆಯ ದೇವದಾರಿನ ದಪ್ಪ ಕಾಂಡವನ್ನು ತರಿಸಿ ಕೋಣೆಯ ನಟ್ಟ ನಡುವೆ ನಿಲ್ಲಿಸಿದಳು. ಅದರ ಸುತ್ತ ಎದೆಯ ಎತ್ತರಕ್ಕೆ ಅಂಗೈಯಾಕಾರದ ತಗ್ಗುಗಳನ್ನು ಕೊರೆದಳು. ಅಳತೆಗೆ ಬೇರೆ ಯಾರ ಕೈಯನ್ನೂ ಹುಡುಕಲಿಲ್ಲ, ತನ್ನದನ್ನೇ ಇಟ್ಟುಕೊಂಡಳು. ನಾಲ್ಕೂ ಗೋಡೆಗಳ ಮೇಲೆ ಕಂಪ್ಯೂಟರಿನ ಚಿತ್ರವಾಗಿ ಜೀವಂತ ಕಾಡು ಮೂಡುತ್ತಿತ್ತು. ಯಾರೂ ಕೈಯಿಡದೆ ಹೋದರೆ ಬಿಸಿಲೇರುತ್ತದೆ, ತೊರೆ ಬತ್ತುತ್ತದೆ, ಎಲೆ ಒಣಗುತ್ತದೆ, ಕೊನೆಗೆ ಕಾಳ್ಗಿಚ್ಚು. ಮೇಲಿಂದ ನಿಜವಾದ ಬಿಸಿಗಾಳಿಯೂ ಬೀಸುತ್ತದೆ. ಯಾರಾದರೂ ಒಂದು ತಗ್ಗಿನಲ್ಲಿ ಅಂಗೈ ಇಟ್ಟು ಹಾಗೇ ನಿಂತರೆ ಸಾಕು, ಮಳೆ ಬರುತ್ತದೆ, ಅವರ ಮುಂದಿನ ಕಾಡು ಚಿಗುರುತ್ತದೆ. ಹೆಚ್ಚು ಕೈ ಇದ್ದಷ್ಟೂ ಹೆಚ್ಚು ಹಸಿರು. ಕೈ ತೆಗೆದರೆ ಮತ್ತೆ ಬಿಸಿಲು. ಹಸುಗೂಸಿಗೂ ಬರುವ ಕೆಲಸ, ಇದನ್ನೂ ಮಾಡದೆ ಇರುತ್ತಾರೆಯೇ ಎಂದುಕೊಂಡಳು ಪಾಪ.

ಪರೀಕ್ಷೆಗೆಂದು ಹಿನೊಸವಾದ ಮಹಿಳಾ ಸಂಘದವರನ್ನು ಕರೆಸಲಾಯಿತು. ಮುಂದಾಳು ಕಿನುಯೊ ಅಜ್ಜಿ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೋಣೆಯ ನೆಲವನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸಿ, ಹೊಳೆಯುವ ಹಾಗೆ ಉಜ್ಜಿದ ಹಲಗೆ ಹಾಸಿದ್ದರು. ಮೆಟ್ಟಿಲು ಕಂಡದ್ದೇ ತಡ, ಹೆಂಗಸರೆಲ್ಲ ಬೂಟು ಬಿಚ್ಚಿ, ಅವುಗಳ ಮೂತಿ ಬಾಗಿಲ ಕಡೆಗೆ ಮಾಡಿ ಸಾಲಾಗಿ ಜೋಡಿಸಿ, ಯಾರದೋ ಮನೆಗೆ ಹೋಗುವವರಂತೆ ಕಾಲುಚೀಲದಲ್ಲಿ ಒಳಗೆ ಬಂದರು. ಅಲ್ಲಿಗೆ ಮಿಜುಹೊಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮರವನ್ನು ಕಂಡು ಎಲ್ಲರೂ ಒಂದೇ ಉಸಿರಿಗೆ "ಆಹಾ" ಎಂದರು. ತಗ್ಗಿನಲ್ಲಿ ಕೈಯಿಡಿ ಎಂದಳು ಮಿಜುಹೊ. ಆಮೇಲೆ ಶುರುವಾಯಿತು ನೋಡಿ.

"ಕಿನುಯೊ ಅಜ್ಜಿ, ಇಡಿ ನೀವು."

"ನಂದೇನಮ್ಮ, ಒಣಗಿ ಕಡ್ಡಿಯಾಗಿರೋ ಕೈ. ನಿಂದು ಮೆತ್ತಗಿದೆ, ನೀನಿಡು."

"ಅಯ್ಯೋ, ನಾನಾ? ಈಗಷ್ಟೇ ಸಂಘಕ್ಕೆ ಸೇರಿದೋಳು! ಹಿರೀರು ಇರುವಾಗ ಮುಂದೆ ಬೀಳೋದಾ?"

"ಹಾಗಾದ್ರೆ ಖಜಾಂಚಿ ಇಡಲಿ."

"ನನ್ನ ಕೈಯಲ್ಲಿ ಉಪ್ಪಿನಕಾಯಿ ವಾಸನೆ ಇದೆ, ಮರಕ್ಕೆ ಹತ್ತಿಕೊಂಡ್ರೆ ಏನು ಗತಿ?"

ಇವರ ಮರ್ಯಾದೆ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ತೊರೆ ಬತ್ತಿತ್ತು, ಜಿಂಕೆಗಳು ಓಡಿಹೋಗಿದ್ದವು, ಕಾಡು ಧಗಧಗ ಉರಿದು ಬೂದಿಯಾಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

"ತುಂಬಾ ಚೆನ್ನಾಗಿತ್ತಮ್ಮ," ಎಂದಳು ಕಿನುಯೊ ಅಜ್ಜಿ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಅದರಲ್ಲೂ ಬೆಂಕಿ ಅಂತೂ ಬಹಳ ಅಚ್ಚುಕಟ್ಟು."

ಮಿಜುಹೊಗೆ ತಲೆ ಚಚ್ಚಿಕೊಳ್ಳುವಂತಾಯಿತು. ಏನು ಜನ ಇವರು! ಕಣ್ಣೆದುರಿಗೆ ಕಾಡು ಹೊತ್ತಿ ಉರಿಯುತ್ತಿದ್ದರೂ ಇವರಿಗೆ 'ನೀವು ಮೊದಲು' ಬಿಟ್ಟು ಬೇರೆ ಮಾತಿಲ್ಲ. ಸಿಟ್ಟಿನಲ್ಲೇ 'ದಯವಿಟ್ಟು ಮುಟ್ಟಿ' ಎಂದು ಫಲಕ ಬರೆದು ಹಾಕಿದಳು. ಮರುದಿನ ಬಂದವರು ಫಲಕವನ್ನು ಓದಿದರು, ಅಕ್ಷರ ಮುದ್ದಾಗಿದೆ ಎಂದರು, ಒಬ್ಬಳು ಕಿರುಬೆರಳ ತುದಿಯನ್ನು ತಾಗಿಸಿ, ತಾಗಿಸಿದ ಜಾಗವನ್ನು ಕರವಸ್ತ್ರದಿಂದ ಒರೆಸಿ ಹೋದಳು.

ಇಷ್ಟು ಸಾಲದು ಎಂಬಂತೆ ಸಂಗ್ರಹಾಲಯದ ನಿರ್ದೇಶಕ ಇಗರಾಶಿಯವರು ಸಹಾಯಕ್ಕೆ ಬಂದರು. ಇಗರಾಶಿಯವರು ಒಳ್ಳೆಯವರು, ಇರುವೆಗೂ ಕ್ಷಮೆ ಕೇಳಿ ದಾಟುವವರು. ಉದ್ಘಾಟನೆಯ ಹಿಂದಿನ ದಿನ ಮಿಜುಹೊ ಕೋಣೆಗೆ ಬಂದು ನೋಡುತ್ತಾಳೆ, ಮರದ ಕಾಂಡಕ್ಕೆ ತೋಳು ಗಾತ್ರದ ಹುಲ್ಲಿನ ಹಗ್ಗ ಸುತ್ತಿ, ಅದರಿಂದ ಬಿಳಿ ಕಾಗದದ ಪಟ್ಟಿಗಳನ್ನು ಇಳಿಬಿಟ್ಟಿದ್ದಾರೆ. ಗುಡಿಯ ಅಂಗಳದ ದೇವರ ಮರಕ್ಕೆ ಕಟ್ಟುವ ಅದೇ ಹಗ್ಗ. ಬುಡದಲ್ಲಿ ಒಂದು ಕಿತ್ತಳೆ ಹಣ್ಣು, ಒಂದು ಬಟ್ಟಲು ಅಕ್ಕಿಮದ್ಯ. ಕಸ ಗುಡಿಸುವ ಹೆಂಗಸು ಎರಡು ಸಲ ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ, ತನ್ನ ಅಳಿಯನಿಗೆ ಈ ಸಲವಾದರೂ ಗಾಡಿ ಓಡಿಸುವ ಲೈಸೆನ್ಸು ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ!

ಮಿಜುಹೊ ಅಲ್ಲೇ ನಿಂತಿದ್ದ ನಿರ್ದೇಶಕರತ್ತ ತಿರುಗಿದಳು. "ಇಗರಾಶಿ-ಸಾನ್! ಏನಿದು?"

"ಕ್ಷಮಿಸಿ, ಕ್ಷಮಿಸಿ. ಮರ ಯಾಕೋ ಬೋಳು ಬೋಳು ಅನ್ನಿಸ್ತು. ದೊಡ್ಡೋರೆಲ್ಲ ಬರ್ತಾರೆ, ಸ್ವಲ್ಪ ಕಳೆ ಇರಲಿ ಅಂತ..."

"ಇದು ಮುಟ್ಟೋ ಮರ! ಹೀಗೆ ಹಗ್ಗ ಕಟ್ಟಿದ್ರೆ ಯಾವನು ಮುಟ್ತಾನೆ?"

ಇಗರಾಶಿಯವರ ಮುಖ ಸಪ್ಪಗಾಯಿತು. "ಅಯ್ಯೋ, ಅದು ಹೊಳೀಲೇ ಇಲ್ವಲ್ಲ. ಬಿಚ್ಚಿಬಿಡೋಣ."

ಬಿಚ್ಚುವವರು ಯಾರು? ಇಗರಾಶಿಯವರು ಕೈ ಮುಂದೆ ಮಾಡಿ, ಹಿಂದೆ ತೆಗೆದುಕೊಂಡರು. ವೈರಿಂಗ್ ಕೆಲಸದವನನ್ನು ಕೇಳಿದರೆ, ಮನೆಯಲ್ಲಿ ಹೆಂಡತಿ ಬಸುರಿ, ಇಂಥ ಕೆಲಸಕ್ಕೆ ನನ್ನನ್ನು ಕರೆಯಬೇಡಿ ಎಂದ. ಮಿಜುಹೊ ತಾನೇ ಏಣಿ ಹತ್ತಿದಳು. ಗಂಟಿನವರೆಗೆ ಹೋದ ಕೈ ಅಲ್ಲೇ ನಿಂತಿತು. ದೇವರು ದಿಂಡರು ಎಂದು ತಲೆ ಕೆಡಿಸಿಕೊಂಡವಳಲ್ಲ ಅವಳು, ಆದರೂ ಯಾಕೋ ಮನಸ್ಸು ಬರಲಿಲ್ಲ. ತೆಪ್ಪಗೆ ಇಳಿದಳು. ಹಗ್ಗ ಉಳಿಯಿತು. ಸೀಗಡಿ ಒಂದು ಹೆಜ್ಜೆ ಹತ್ತಿರ ಬಂದಂತಾಯಿತು.

ಉದ್ಘಾಟನೆಯ ದಿನ ಹಿರುಕಾವಾ ಬೆಳಿಗ್ಗೆಯೇ ಬಂದ. ಬಂದವರಿಗೆಲ್ಲ ಕಂಪನಿಯ ನೆನಪಿಗೆಂದು ಪುಟ್ಟ ಪ್ಲಾಸ್ಟಿಕ್ ಸೀಗಡಿಯ ಕೀಚೈನು ಹಂಚಿದ. ಮಿಜುಹೊಗೆ ಕೊಡಬೇಕೆಂದು ಕೈಯಲ್ಲಿ ಹಿಡಿದವನು, "ನಿನಗೆ ಆಮೇಲೆ ಕೊಡ್ತೀನಿ" ಎಂದು ಕೋಟಿನ ಜೇಬಿಗೆ ಹಾಕಿಕೊಂಡ.

ಸಂಗ್ರಹಾಲಯಕ್ಕೆ ಎರಡು ಊರುಗಳು ಸೇರಿ ಹಣ ಹಾಕಿದ್ದವು. ಹಾಗಾಗಿ ಇಬ್ಬರು ಅಧ್ಯಕ್ಷರು: ಹಿನೊಸವಾ ಪುರಸಭೆಯ ಕುರೊಸು, ಪಕ್ಕದ ಕಾಮಿಯೊ ಪುರಸಭೆಯ ಓತಾಗಾಕಿ. ಇಬ್ಬರೂ ಕಪ್ಪು ಸೂಟು ತೊಟ್ಟು, ಮೆಟ್ಟಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದರು. ಹಿಂದೆ ಮಹಿಳಾ ಸಂಘ. ಗೋಡೆಯ ಮೇಲೆ ಹಸಿರು ಕಾಡು, ಹಕ್ಕಿಗಳ ದನಿ. ಹಿರುಕಾವಾ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತ.

"ದಯವಿಟ್ಟು ಮರದ ಮೇಲೆ ಕೈಯಿಟ್ಟು ಉದ್ಘಾಟಿಸಬೇಕು" ಎಂದರು ಇಗರಾಶಿ.

ಕುರೊಸು ಹಗ್ಗ ನೋಡಿದರು. ಓತಾಗಾಕಿಯವರೂ ಹಗ್ಗ ನೋಡಿದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಓತಾಗಾಕಿ-ಸಾನ್, ದಯವಿಟ್ಟು ತಾವು ಮೊದಲು," ಎಂದು ಕುರೊಸು ಬಾಗಿದರು.

"ಎಲ್ಲಾದರೂ ಉಂಟೇ! ಕಾಡಿರೋದು ನಿಮ್ಮೂರಲ್ಲಿ. ತಾವೇ ಮೊದಲು," ಎಂದು ಓತಾಗಾಕಿ ಇನ್ನಷ್ಟು ಬಾಗಿದರು.

"ಕಾಡೇನೋ ನಮ್ಮದು. ಆದ್ರೆ ಕಾರ್ಖಾನೆಗಳೆಲ್ಲ ನಿಮ್ಮ ಕಡೆ ಅಲ್ವೇ? ನಿಮ್ಮದು ದೊಡ್ಡ ಊರು. ದೊಡ್ಡೋರು ಶುರು ಮಾಡಿದ್ರೆ ಚೆಂದ."

"ಊರು ದೊಡ್ಡದಿರಬಹುದು, ವಯಸ್ಸಲ್ಲಿ ನೀವು ನನಗಿಂತ ಹಿರೀರು."

"ನೀವು ಅತಿಥಿಗಳು."

"ನೀವು ಯಜಮಾನ್ರು."

ಒಂದೊಂದು ಮಾತಿಗೂ ಸೊಂಟ ಇನ್ನಷ್ಟು ಕೆಳಕ್ಕೆ. ಗೋಡೆಯ ಮೇಲೆ ತೊರೆ ಬತ್ತಿತು. ಎಲೆಗಳು ಕಂದಿದವು. ಬಿಸಿಗಾಳಿ ಶುರುವಾಯಿತು. ಅಧ್ಯಕ್ಷರಿಬ್ಬರ ಹಣೆಯಿಂದ ಬೆವರು ತೊಟ್ಟಿಕ್ಕಿತು. ಕುರೊಸು ಕೋಟು ತೆಗೆಯಲಿಲ್ಲ, ಹಾಗಾಗಿ ಓತಾಗಾಕಿಯೂ ತೆಗೆಯಲಿಲ್ಲ, ಹಾಗಾಗಿ ಇಡೀ ಕೋಣೆಯಲ್ಲಿ ಯಾರೂ ತೆಗೆಯಲಿಲ್ಲ. ಗೋಡೆಗೆ ಬೆಂಕಿ ಬಿತ್ತು. ಕಿನುಯೊ ಅಜ್ಜಿ ಪಕ್ಕದವಳಿಗೆ, "ಇದೇ ನೋಡು ನಾನು ಹೇಳಿದ ಬೆಂಕಿ" ಎಂದು ತೋರಿಸಿದಳು.

ಮಿಜುಹೊ ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಬೂಟಿನಲ್ಲೇ ನಿಂತಿದ್ದಳು. ಓಡಿಹೋಗಿ ತಾನೇ ಕೈಯಿಟ್ಟುಬಿಡೋಣ ಎನ್ನಿಸಿತು. ಹಿರುಕಾವಾನ ಕೈ ಆಗಲೇ ಕೋಟಿನ ಜೇಬಿಗೆ ಇಳಿದಿತ್ತು.

ಅಷ್ಟರಲ್ಲಿ ಇಬ್ಬರು ಅಧ್ಯಕ್ಷರೂ ಒಟ್ಟಿಗೇ ಬಾಗಿದರು. ಟಣ್ ಎಂದು ತಲೆಗೆ ತಲೆ ಡಿಕ್ಕಿ. ನುಣ್ಣನೆಯ ಹಲಗೆಯ ಮೇಲೆ ಕಾಲುಚೀಲ ಜಾರಿ, ಕುರೊಸು ಆಯತಪ್ಪಿ, ಕೈ ಬೀಸಿ, ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ಮರ. ಅಂಗೈ ಸರಿಯಾಗಿ ತಗ್ಗಿನೊಳಗೇ ಕೂತಿತು.

ಗುಡುಗು. ಮಳೆ. ತಣ್ಣನೆಯ ಗಾಳಿ ಎಲ್ಲರ ಮುಖಕ್ಕೆ ಬೀಸಿತು. ಅವರೆದುರಿನ ಸುಟ್ಟ ನೆಲದಿಂದ ಹಸಿರು ಚಿಗುರೊಡೆಯಿತು. "ಆಹಾ..." ಎಂದಿತು ಕೋಣೆ.

ಕುರೊಸುಗೆ ಆಗ ತಾನು ಎಲ್ಲಿ ಕೈಯಿಟ್ಟಿದ್ದೇನೆಂದು ತಿಳಿಯಿತು. "ಅಯ್ಯೋ, ಕ್ಷಮಿಸಬೇಕು!" ಎಂದು ಕೈ ಕಿತ್ತುಕೊಂಡು, ಮರಕ್ಕೇ ಬಗ್ಗಿ ನಮಸ್ಕರಿಸಿದರು. ಚಿಗುರು ಕರಟಿತು. ಬೆಂಕಿ ಮತ್ತೆ ಎದ್ದಿತು.

"ಕೈ ತೆಗೀಬೇಡ್ರೀ!"

ಕೂಗಿದವಳು ಮಿಜುಹೊ. ಕಂಪನಿಯ ಕೆಲಸದ ಹುಡುಗಿಯೊಬ್ಬಳು ಪುರಸಭೆಯ ಅಧ್ಯಕ್ಷರಿಗೆ ಗದರುವುದೇ! ಇಗರಾಶಿಯವರು ಅವಳ ಪರವಾಗಿ ಸಾಲಾಗಿ ಎಲ್ಲರಿಗೂ ಬಾಗತೊಡಗಿದರು. ಕುರೊಸು ಮಾತ್ರ ಮೇಷ್ಟ್ರ ಹತ್ತಿರ ಬೈಸಿಕೊಂಡ ಹುಡುಗನಂತೆ ಕಿವಿ ಕೆಂಪಗೆ ಮಾಡಿಕೊಂಡು, ಕೈಯನ್ನು ವಾಪಸ್ಸು ಮರದ ಮೇಲೆ ಇಟ್ಟರು. ಮಳೆ ಬಂತು.

ಇನ್ನೀಗ ಪೀಕಲಾಟ ಓತಾಗಾಕಿಯವರದು. ಪಕ್ಕದೂರಿನ ಅಧ್ಯಕ್ಷ, ಅದೂ ವಯಸ್ಸಿನಲ್ಲಿ ಹಿರಿಯ, ಒಬ್ಬನೇ ಕಾಡನ್ನು ಹೊತ್ತು ನಿಂತಿರುವಾಗ ತಾನು ಕೈ ಬೀಸಿಕೊಂಡು ನೋಡುತ್ತಾ ನಿಲ್ಲುವುದು ಯಾವ ಸೀಮೆಯ ಮರ್ಯಾದೆ? ಅವರೂ ಇಟ್ಟರು. ಅಧ್ಯಕ್ಷರಿಬ್ಬರೂ ಇಟ್ಟ ಮೇಲೆ ಇಗರಾಶಿಯವರು ಸುಮ್ಮನಿರಲಾದೀತೇ? ನಿರ್ದೇಶಕರು ಇಟ್ಟ ಮೇಲೆ ಮಹಿಳಾ ಸಂಘ? "ಹಗ್ಗಕ್ಕೆ ತಾಗದ ಹಾಗೆ ಇಡ್ರೇ" ಎಂದು ಕಿನುಯೊ ಅಜ್ಜಿ ಅಪ್ಪಣೆ ಕೊಡಿಸಿ, ತಾನೂ ಕಡ್ಡಿ ಕೈ ಚಾಚಿದಳು. ಕೊನೆಗೆ ಗುಂಪಿನ ಹೊರಗೆ ಉಳಿದವನು ಹಿರುಕಾವಾ. ಎಲ್ಲರೂ ಒಳಗಿರುವಾಗ ಒಬ್ಬನೇ ಹೊರಗೆ ನಿಂತರೆ ಎಷ್ಟು ಕೆಟ್ಟದಾಗಿ ಕಾಣುತ್ತದೆಂದು ಅವನಿಗೂ ಗೊತ್ತಾಯಿತು. ಮೆಲ್ಲಗೆ ಬಂದು ಒಂದು ತಗ್ಗು ಹಿಡಿದ.

ನಾಲ್ಕೂ ಗೋಡೆ ಹಸಿರಾಯಿತು. ತೊರೆ ಹರಿಯಿತು, ಜಿಂಕೆಗಳು ಮರಳಿದವು. ಮಿಜುಹೊ ಬಾಯಿ ಮುಚ್ಚಿಕೊಂಡು ಅಳು ತಡೆದಳು. ಇಷ್ಟು ದಿನ ಒಂಟಿಯಾಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ ಕಾಡು ಇದೇ ಮೊದಲ ಸಲ ಪೂರ್ತಿಯಾಗಿ ಎದ್ದು ನಿಂತಿತ್ತು.

"ಪೂರ್ತಿ ಅಲ್ಲಮ್ಮ," ಎಂದಳು ಕಿನುಯೊ ಅಜ್ಜಿ, ಅವಳ ಮನಸ್ಸು ಓದಿದವಳಂತೆ. "ಆ ಮೂಲೆ ಇನ್ನೂ ಉರೀತಿದೆ ನೋಡು."

ನಿಜ. ಮರದಲ್ಲಿ ಒಂದೇ ಒಂದು ತಗ್ಗು ಖಾಲಿಯಿತ್ತು. ಅದರೆದುರಿನ ಮೂಲೆಯಲ್ಲಿ ಕಾಡು ಹೊಗೆಯಾಡುತ್ತಿತ್ತು. ಎಲ್ಲರ ಕಣ್ಣೂ ಮಿಜುಹೊಳ ಕಡೆ ತಿರುಗಿತು.

"ಅಯ್ಯೋ, ನಾನಾ?" ಎಂದಳು ಮಿಜುಹೊ, ಎರಡು ಹೆಜ್ಜೆ ಹಿಂದೆ ಸರಿಯುತ್ತ. "ಬೇಡ ಬೇಡ, ನಾನ್ಯಾವ ದೊಡ್ಡೋಳು! ಯಾರಾದ್ರೂ ಹಿರೀರು..."

ಮಾತು ಬಾಯಿಂದ ಬಿದ್ದ ಮೇಲೆ ಅವಳ ಕಿವಿಗೇ ಕೇಳಿಸಿತು. ಮುಖ ಬಿಸಿಯಾಯಿತು. ವಾರವಿಡೀ ಈ ಜನರನ್ನು ಮನಸ್ಸಿನಲ್ಲೇ ಬೈದದ್ದೆಲ್ಲ ಸಾಲುಗಟ್ಟಿ ನೆನಪಾಯಿತು. ನಾಚಿಕೆಯಾಯಿತು ಅವಳಿಗೆ, ನಿಜವಾಗಿ ನಾಚಿಕೆಯಾಯಿತು. ಅವಳು ಯಜಮಾನನ ಮುಖ ನೋಡಿದಳು.

"ಬಂದು ಕೂತ್ಕೊಳಮ್ಮ ಊಟಕ್ಕೆ," ಎಂದ ಹಿರುಕಾವಾ. "ಬೇಗ. ನನ್ನ ತೋಳು ಬಿದ್ದುಹೋಗ್ತಿದೆ."

ಮಿಜುಹೊ ಬೂಟು ಬಿಚ್ಚಿ ಮೆಟ್ಟಿಲು ಹತ್ತಿದಳು, ಅಂಗೈ ಇಟ್ಟಳು. ತನ್ನದೇ ಕೈಯ ಅಳತೆಗೆ ಕೊರೆದ ತಗ್ಗು, ಆದರೂ ಅದರಲ್ಲಿ ಒಮ್ಮೆಯೂ ಕೈಯಿಟ್ಟು ನಿಂತಿರಲಿಲ್ಲ. ಸುತ್ತ ಇಷ್ಟು ಜನರ ಕೈಗಳಿದ್ದುದರಿಂದಲೋ ಏನೋ, ಮರ ಬೆಚ್ಚಗಿತ್ತು. ಉಳಿದಿದ್ದ ಮೂಲೆಗೂ ಮಳೆ ಬಂತು.

ಮಳೆ ನಿಲ್ಲಲಿಲ್ಲ. ನಿಲ್ಲಬೇಕಾದರೆ ಯಾರಾದರೂ ಕೈ ತೆಗೆಯಬೇಕಲ್ಲ. ಪಕ್ಕದ ಕೋಣೆಯಲ್ಲಿ ಊಟ ಬಡಿಸಿಟ್ಟಿದ್ದರು, ಸೂಪಿನ ಘಮ ಇಲ್ಲಿಯವರೆಗೂ ಬರುತ್ತಿತ್ತು. ಹಿರುಕಾವಾ ಬಿಡುವಿದ್ದ ಕೈಯಿಂದ ಜೇಬಿನ ಸೀಗಡಿಯನ್ನು ತೆಗೆದು, ಒಮ್ಮೆ ನೋಡಿ, ಬಗ್ಗಿ ಮರದ ಬುಡದ ಕಿತ್ತಳೆಯ ಪಕ್ಕದಲ್ಲಿ ಇಟ್ಟ.

"ಓತಾಗಾಕಿ-ಸಾನ್," ಎಂದರು ಕುರೊಸು, "ದಯವಿಟ್ಟು ತಾವು ಮೊದಲು ತೆಗೀರಿ."

"ಎಲ್ಲಾದರೂ ಉಂಟೇ! ಮೊದಲು ಇಟ್ಟೋರು ತಾವು."

"ಸೂಪು ಆರುತ್ತೆ," ಎಂದು ಯಾರೋ ಮರದ ಆ ಕಡೆಯಿಂದ ಪಿಸುಗುಟ್ಟಿದರು.

"ಆರಲಿ ಬಿಡು," ಎಂದಳು ಕಿನುಯೊ ಅಜ್ಜಿ. ಯಾರೂ ಕೈ ತೆಗೆಯಲಿಲ್ಲ.